ಫಜಿ ಸೆಟ್‌ನಲ್ಲಿ ಸಂಶೋಧನೆ: ಯಾವ ಬಗೆಯನ್ನು ಹಿಡಿಯಲಿ?

ಪ್ರಶ್ನೆ: ಗಣಿತದಲ್ಲಿ ಪಿಎಚ್.ಡಿ. ಶುರು ಮಾಡಿದ್ದೇನೆ. ಅನಿಶ್ಚಿತತೆಯನ್ನು ಲೆಕ್ಕಕ್ಕೆ ತರುವ ಫಜಿ ಸೆಟ್‌ಗಳ ಮೇಲೆ ಕೆಲಸ ಮಾಡುವ ಆಸೆ. ಆದರೆ ಟೈಪ್-2, ಇಂಟ್ಯೂಶನಿಸ್ಟಿಕ್, ಪೈಥಾಗೋರಿಯನ್, ಹೆಸಿಟೆಂಟ್ ಅಂತ ಎಷ್ಟೊಂದು ಬಗೆಗಳಿವೆ. ಯಾವುದನ್ನು ಆರಿಸಲಿ? ನಾನೇ ಹೊಸದೊಂದನ್ನು ಕಟ್ಟಿದರೆ ಬೆಲೆ ಇದೆಯೇ?

ಉತ್ತರ: ಒಳ್ಳೆಯ ಕ್ಷೇತ್ರ, ಖಂಡಿತ ಬನ್ನಿ. ಆದರೆ ಬಗೆಯನ್ನು ಮೊದಲು ಆರಿಸಿ ಆಮೇಲೆ ಸಮಸ್ಯೆ ಹುಡುಕಬೇಡಿ. ನಿಮ್ಮ ಸಮಸ್ಯೆಯಲ್ಲಿ ಅನುಮಾನ ಎಲ್ಲಿಂದ ಹುಟ್ಟುತ್ತಿದೆ ಅಂತ ನೋಡಿ.

ಲಾಟ್ಫಿ ಜಾದೆ 1965ರಲ್ಲಿ ಕೊಟ್ಟ ಮೂಲ ಫಜಿ ಸೆಟ್‌ನಲ್ಲಿ ಪ್ರತಿ ವಸ್ತುವಿಗೂ, ಅದು ಆ ಗುಂಪಿಗೆ ಎಷ್ಟರಮಟ್ಟಿಗೆ ಸೇರುತ್ತದೆ ಅಂತ ಹೇಳುವ, 0ಯಿಂದ 1ರೊಳಗಿನ ಒಂದೇ ಸಂಖ್ಯೆ. ಒಬ್ಬ ರೋಗಿಗೆ ಜ್ವರ ಜಾಸ್ತಿ ಇದೆ ಅನ್ನುವುದಕ್ಕೆ ಮೂವರು ವೈದ್ಯರು 0.6, 0.7, 0.9 ಅಂತ ಅಂಕ ಕೊಟ್ಟರು ಅಂದುಕೊಳ್ಳಿ. ಸರಾಸರಿ ಸುಮಾರು 0.73. ಅಷ್ಟು ಬರೆದ ಕೂಡಲೇ ಅವರ ಅಭಿಪ್ರಾಯ ಬೇರೆಬೇರೆ ಇತ್ತು ಅನ್ನುವುದೇ ಅಳಿಸಿಹೋಗುತ್ತದೆ. 2010ರಲ್ಲಿ ವಿಸೆನ್ಸ್ ತೊರಾ ಮುಂದಿಟ್ಟ ಹೆಸಿಟೆಂಟ್ ಸೆಟ್ ಮೂರೂ ಅಂಕಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ. ಅಂಕ ಎಷ್ಟು ಕೊಡಬೇಕು ಅನ್ನುವುದೇ ಮಸುಕಾಗಿದ್ದರೆ ಟೈಪ್-2; ಅದರಲ್ಲಿ ಅಂಕವೇ ಒಂದು ಫಜಿ ಸೆಟ್. ಪರ ಇಷ್ಟು, ವಿರುದ್ಧ ಇಷ್ಟು, ಉಳಿದದ್ದು ಗೊತ್ತಿಲ್ಲ ಅಂತ ಹೇಳಬೇಕಾದರೆ ಕ್ರಾಸಿಮಿರ್ ಅತನಾಸೊವ್ ಅವರ ಇಂಟ್ಯೂಶನಿಸ್ಟಿಕ್ ಸೆಟ್.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಪರ 0.6, ವಿರುದ್ಧ 0.1 ಅಂದರೆ, ಪರ ಅಂಕ 0.6ರಿಂದ 0.9ರ ನಡುವೆ ಎಲ್ಲೋ ಇದೆ ಅಂದ ಹಾಗೇ ಅಲ್ವಾ? ಇಂಟ್ಯೂಶನಿಸ್ಟಿಕ್ ಸೆಟ್ಟೂ, ಒಂದೇ ಸಂಖ್ಯೆಯ ಬದಲು ಹೀಗೆ ಒಂದು ವ್ಯಾಪ್ತಿಯನ್ನು ಕೊಡುವ ಇಂಟರ್ವಲ್ ಸೆಟ್ಟೂ ಗಣಿತದ ರಚನೆಯಲ್ಲಿ ಒಂದೇ. ಅರ್ಥ ಮಾಡಿಕೊಳ್ಳುವ ರೀತಿ ಮಾತ್ರ ಬೇರೆ. ಪೈಥಾಗೋರಿಯನ್ ಕೂಡ ಹೀಗೇ. ಇಂಟ್ಯೂಶನಿಸ್ಟಿಕ್‌ನಲ್ಲಿ ಪರ, ವಿರುದ್ಧ ಅಂಕಗಳ ಮೊತ್ತ 1 ದಾಟಬಾರದು; ಪೈಥಾಗೋರಿಯನ್‌ನಲ್ಲಿ ಅವುಗಳ ವರ್ಗಗಳ ಮೊತ್ತ 1 ದಾಟದಿದ್ದರೆ ಸಾಕು. 0.8 ಮತ್ತು 0.5 ಕೂಡಿದರೆ 1 ದಾಟುತ್ತದೆ, ಹಾಗಾಗಿ ಇಂಟ್ಯೂಶನಿಸ್ಟಿಕ್‌ನಲ್ಲಿ ಜಾಗವಿಲ್ಲ. ವರ್ಗ ಮಾಡಿದರೆ 0.64 ಮತ್ತು 0.25, ಮೊತ್ತ 0.89, ಸರಿಹೋಯಿತು. ಆದರೆ ಈ ಹೊಸ ಜೋಡಿ ಇಂಟ್ಯೂಶನಿಸ್ಟಿಕ್ ಸೆಟ್‌ನದೇ ಆಯಿತು! ಅಳತೆಯ ಪಟ್ಟಿ ಬದಲಾಗಿದ್ದಕ್ಕೆ ಉತ್ತರವೂ ಬದಲಾಗಿದೆಯೇ, ಅದು ಹೆಚ್ಚು ಸರಿಯಾಗಿದೆಯೇ ಅಂತ ತೋರಿಸುವ ಹೊಣೆ ಸಂಶೋಧಕರದು.

ಆ ಕೆಲಸ ಸಾಲದು ಅನ್ನುವುದೇ ನನ್ನ ಕೊರಗು. ಹೊಸ ವ್ಯಾಖ್ಯೆ, ಹೊಸ ಸೂತ್ರ, ಕೊನೆಗೆ ಲೇಖಕರೇ ಕಲ್ಪಿಸಿದ ಅಂಕಗಳ ಒಂದು ಪುಟ್ಟ ಕೋಷ್ಟಕ. ಎಷ್ಟೋ ಪ್ರಬಂಧಗಳು ಅಲ್ಲಿಗೇ ನಿಂತುಬಿಡುತ್ತವೆ. ಈ ಸಂಶೋಧನೆಗೆ ನಿಜವಾದ ಪ್ರೋತ್ಸಾಹ ಬೇಕಿರುವುದು ಅದರಾಚೆಯ ಕೆಲಸಕ್ಕೆ. ಅಂಕಗಳನ್ನು ತಜ್ಞರಿಂದ ಪಡೆಯುವ ವಿಧಾನ, ಬೇರೆ ಬಗೆಗಳ ಜತೆ ಹೋಲಿಕೆ, ಅಂಕ ಸ್ವಲ್ಪ ಅಲುಗಿದರೆ ಆಯ್ಕೆಯ ಕ್ರಮ ಉಳಿಯುತ್ತದೆಯೇ ಅನ್ನುವ ಪರೀಕ್ಷೆ. ಮಾರ್ಗದರ್ಶಕರೂ ಪತ್ರಿಕೆಗಳ ವಿಮರ್ಶಕರೂ ಇವನ್ನು ಕೇಳಲೇಬೇಕು. ಹೋಲಿಸಿ ನೋಡಿ ಏನೂ ಲಾಭವಿಲ್ಲ ಅಂತ ಬಂದರೆ ಅದನ್ನೂ ಪ್ರಕಟಿಸಬೇಕು.

ನಿಮಗೆ ನನ್ನ ಸಲಹೆ ಇಂಟರ್ವಲ್ ಟೈಪ್-2. ಪೂರ್ಣ ಟೈಪ್-2ನಲ್ಲಿ ಲೆಕ್ಕ ತುಂಬಾ ಭಾರ. ಇಂಟರ್ವಲ್ ರೂಪದಲ್ಲಿ ಅಂಕದ ಬರೀ ಮೇಲಿನ ಮತ್ತು ಕೆಳಗಿನ ಮಿತಿ ಇಟ್ಟುಕೊಂಡರೆ ಸಾಕು, ಯಂತ್ರಗಳನ್ನು ನಿಯಂತ್ರಿಸುವ ಕಂಟ್ರೋಲರ್‌ಗಳಲ್ಲಿ ಬಳಕೆಯೂ ಇದೆ. ಬೇರೆಯವರು ಈಗಾಗಲೇ ಬಳಸಿರುವ, ಎಲ್ಲರಿಗೂ ಸಿಗುವ ದತ್ತಾಂಶವನ್ನೇ ತಗೊಳ್ಳಿ. ಅದರ ಮೇಲೆ ಸಾಮಾನ್ಯ ಫಜಿ ಮಾದರಿಯನ್ನೂ ಓಡಿಸಿ, ಎರಡರ ತಪ್ಪಿನ ಪ್ರಮಾಣವನ್ನು ಪಕ್ಕಪಕ್ಕದಲ್ಲಿಡಿ. ಪ್ರೋಗ್ರಾಂ ಕೋಡನ್ನೂ ಪ್ರಬಂಧದ ಜತೆಗೇ ಬಿಡುಗಡೆ ಮಾಡಿ.