ಯುರೋಪಿಯಂ ಎಂಬ ಲೋಹ ಕೊಡುವ ಕೆಂಪು ಬೆಳಕು ಅಷ್ಟು ಶುದ್ಧವಾಗಿದ್ದರೂ ಮೊಬೈಲ್ ಒಎಲ್ಇಡಿ ಪರದೆಯಲ್ಲಿ ಯಾಕೆ ಬಳಸುವುದಿಲ್ಲ?

ನೀವು ಗಂಗಾವತಿಯವರು ಅಂದಿರಿ, ಹಾಗಾದರೆ ಸುಲಭ. ಅಲ್ಲಿ ಬರೀ ಮಳೆ ನಂಬಿದರೆ ಭತ್ತ ಬರುವುದಿಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ನೀರು ತರಬೇಕು, ಅಲ್ವಾ? ಯುರೋಪಿಯಂ ಅಯಾನೂ ಹಾಗೆಯೇ. ತಾನಾಗಿ ಬೆಳಕು ಹೀರುವುದು ತೀರಾ ಕಮ್ಮಿ. ಸುತ್ತ ಅಂಟಿಕೊಂಡ ಸಾವಯವ ಅಣು (ಲಿಗ್ಯಾಂಡ್) ಶಕ್ತಿ ಹಿಡಿದು ಅದಕ್ಕೆ ದಾಟಿಸುತ್ತದೆ. ಬೆಳಕು ಕೊಡುವ, 4ಎಫ್ ಎಂಬ ಒಳಪದರದ ಎಲೆಕ್ಟ್ರಾನ್‌ಗಳು ಒಳಗೆ ಅಡಗಿರುವುದರಿಂದ ಹೊರಗಿನ ಗದ್ದಲ ತಟ್ಟುವುದಿಲ್ಲ. ಅದಕ್ಕೇ ಬಣ್ಣ ಕಿರಿದಾದ ಗೆರೆ: ಯುರೋಪಿಯಂಗೆ ಸುಮಾರು 612 ನ್ಯಾನೋಮೀಟರ್, ಹಸಿರು ಕೊಡುವ ಅದೇ ಬಗೆಯ ಲೋಹ ಟರ್ಬಿಯಂಗೆ 545. ಟರ್ಬಿಯಂ ಸಂಯುಕ್ತಕ್ಕೆ ಕರೆಂಟ್ ಕೊಟ್ಟು ಬೆಳಗಿಸಿದ್ದು 1990ರಲ್ಲೇ, ಜಪಾನಿನಲ್ಲಿ.

ಎಡವಟ್ಟು ಏನೆಂದರೆ, ಇದು ಬಲು ನಿಧಾನ. ಒಂದು ಸಲ ಬೆಳಗಲು ಹೆಚ್ಚುಕಮ್ಮಿ ಮಿಲಿಸೆಕೆಂಡ್ ಹಿಡಿಯುತ್ತದೆ. ಈಗ ಪರದೆಗಳಲ್ಲಿ ಬಳಸುವ ಇರಿಡಿಯಂ ಲೋಹದ ಸಂಯುಕ್ತಕ್ಕೆ ಕೆಲವೇ ಮೈಕ್ರೋಸೆಕೆಂಡ್ ಸಾಕು. ಹಾಗಾಗಿ ಪರದೆ ಜೋರಾಗಿ ಬೆಳಗಲೆಂದು ಕರೆಂಟ್ ಜಾಸ್ತಿ ಮಾಡಿದರೆ, ಯುರೋಪಿಯಂ ಮೊದಲಿನ ಶಕ್ತಿಯನ್ನು ಬೆಳಕಾಗಿಸಿ ಮುಗಿಸುವ ಮುಂಚೆಯೇ ಇನ್ನಷ್ಟು ಬಂದು ಶಕ್ತಿ ಸುಮ್ನೆ ಪೋಲಾಗುತ್ತದೆ. ಗದ್ದೆ ಕುಡಿಯುವ ಮೊದಲೇ ಕಾಲುವೆ ಒಡೆದ ಹಾಗೆ.