ಅಂಗಳದ ಅಂಚಿಂದ: ತೋಳಿನ ಪಟ್ಟಿ ಮತ್ತು ಉಂಬಳದ ಸುಣ್ಣ

ಈ ತಿಂಗಳು ಬಂದ ಹನ್ನೊಂದು ಪತ್ರಗಳಲ್ಲಿ ಏಳು ಫುಟ್‌ಬಾಲಿನದ್ದು, ಏಳೂ ಹೆಣ್ಣುಮಕ್ಕಳ ಆಟದ ಬಗ್ಗೆ. ಮೊದಲೆಲ್ಲ ನನಗೆ ಬರುತ್ತಿದ್ದದ್ದು ಮಂಡಿನೋವು, ಹುಡುಗನ ಹೈಟು, ಖೋ ಖೋ ಕಂಬದ ಅಳತೆ, ಅಷ್ಟೇ. ಈ ಬದಲಾವಣೆಗೆ ಕಾರಣ ಊಹಿಸಬಹುದು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಇಂಡಿಯಾ ಟೀಮಿನ ಹುಡುಗಿಯರು ಥಾಯ್ಲೆಂಡನ್ನು 2-1ರಲ್ಲಿ ಸೋಲಿಸಿ, 2026ರ ಏಷ್ಯನ್ ಕಪ್‌ಗೆ ಆಡಿಯೇ ಟಿಕೆಟ್ ತಗೊಂಡರಲ್ಲ, ಅಂದಿನಿಂದ ಶುರು. ತೀರ್ಥಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಟೀಚರಾಗಿ ಸೀಟಿ ಊದಿದವಳಿಗೆ ಇಂಥ ಟಪಾಲು ಬಂದರೆ ಖುಷಿಯಾಗದೆ ಇರ್ತದಾ?

ಪ್ರಶ್ನೆ: ಟೀಚರೇ, ನಾನು ಒಂಬತ್ತನೇ ಕ್ಲಾಸು. ನಮ್ಮ ಸ್ಕೂಲ್ ಟೀಮಿಗೆ ನನ್ನನ್ನೇ ಕ್ಯಾಪ್ಟನ್ ಮಾಡಿದ್ದಾರೆ. ಹತ್ತನೇ ಕ್ಲಾಸಿನ ಅಕ್ಕಂದಿರು ನನ್ನ ಮಾತು ಕೇಳುವುದಿಲ್ಲ. ಜೋರು ಮಾಡಿದರೆ ನಗುತ್ತಾರೆ, ಸುಮ್ಮನಿದ್ದರೆ ನಮ್ಮ ಸರ್ ಬೈಯುತ್ತಾರೆ. ನನಗೆ ಇಂಡಿಯಾ ಟೀಮಿನಲ್ಲಿ ಆಡಬೇಕು ಅಂತ ಆಸೆ. ಕ್ಯಾಪ್ಟನ್ ಆಗುವುದು ಹೇಗೆ?
(ಹೆಸರು ಬೇಡ ಅಂದಿದ್ದಾಳೆ, ಹೊಸನಗರ ತಾಲ್ಲೂಕು)

ಉತ್ತರ: ಪುಟ್ಟಿ, ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡ್ತೇನೆ.

2009ರಲ್ಲಿ ನನ್ನ ಟೀಮಿನಲ್ಲಿ ಹದಿನಾಲ್ಕು ಹುಡುಗಿಯರು. ಅದರಲ್ಲಿ ಒಬ್ಬಳು ಬೆಂಕಿ. ಬಾಲು ಅವಳ ಕಾಲಿಗೆ ಸಿಕ್ಕರೆ ಗೋಲೇ. ಹಿಂದೆ ಮುಂದೆ ನೋಡದೆ ಅವಳನ್ನೇ ಕ್ಯಾಪ್ಟನ್ ಮಾಡಿದೆ. ಹಳೇ ಯೂನಿಫಾರ್ಮಿನ ನೀಲಿ ಬಟ್ಟೆ ಹರಿದು ತೋಳಿಗೆ ಕ್ಯಾಪ್ಟನ್ ಗುರುತಿನ ಪಟ್ಟಿ ಕಟ್ಟಿದವಳೂ ನಾನೇ. ಗೆಲ್ಲುವಾಗ ಎಲ್ಲ ಚೆಂದ ಇತ್ತು. ಸೋಲುವಾಗ ಮಾತ್ರ ಆ ಹುಡುಗಿ ಬ್ಯಾಕ್‌ನಲ್ಲಿದ್ದವರ ಮೇಲೆ ಕಿರುಚುತ್ತಿದ್ದಳು. ಸ್ವಲ್ಪ ದಿನಕ್ಕೆ ಬ್ಯಾಕ್‌ನ ಹುಡುಗಿಯರು ಬಾಲು ತಮ್ಮ ಕಡೆ ಬರುವುದೇ ಬೇಡ ಅಂತ ಹೆದರಿ ನಿಲ್ಲೋದಕ್ಕೆ ಶುರು ಮಾಡಿದರು. ನನಗೆ ಅದು ಕಾಣಲಿಲ್ಲ. ನಾನು ಗೋಲು ಮಾತ್ರ ನೋಡುತ್ತಿದ್ದೆ.

ಆ ವರ್ಷ ಪಕ್ಕದ ತಾಲ್ಲೂಕಿನಲ್ಲಿ ಒಂದು ಮ್ಯಾಚು. ಜುಲೈ ತಿಂಗಳು, ಜಿಟಿಜಿಟಿ ಮಳೆ, ಗ್ರೌಂಡಿನ ಅರ್ಧಕ್ಕೆ ಯಾರದೋ ಕಾರ್ಯಕ್ರಮದ ಶಾಮಿಯಾನ. ಹುಡುಗರ ಆಟ ಎಲ್ಲ ಮುಗಿದ ಮೇಲೆ ನಮ್ಮ ಸರದಿ. ಹಾಫ್ ಟೈಮಿಗೆ 2-0ರಲ್ಲಿ ಸೋಲುತ್ತಿದ್ದೆವು. ನಾನು ಕೊಡೆ ಹಿಡಿದುಕೊಂಡು ಭಾಷಣ ಬಿಗಿಯುತ್ತಿದ್ದೆ, ಕ್ಯಾಪ್ಟನ್ ಮುಖ ಊದಿಸಿಕೊಂಡು ಅತ್ತ ತಿರುಗಿ ಕೂತಿದ್ದಳು. ನಮ್ಮ ಗೋಲ್‌ಕೀಪರ್ ಹುಡುಗಿ ಇದ್ದಳು, ಕ್ಲಾಸಲ್ಲಿ ಬಾಯಿ ಬಿಟ್ಟವಳಲ್ಲ. ಅವಳ ಕೈಯಲ್ಲಿ ಒಂದು ಸಣ್ಣ ಸುಣ್ಣದ ಡಬ್ಬಿ. ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಸಾಕ್ಸ್ ಇಳಿಸಿ, ಕಾಲಿಗೆ ಹತ್ತಿದ್ದ ಉಂಬಳಕ್ಕೆ (ಜಿಗಣೆಗೆ) ಬೆರಳ ತುದಿಯಿಂದ ಸುಣ್ಣ ಮುಟ್ಟಿಸಿ ಬೀಳಿಸುತ್ತಿದ್ದಳು. ಮುಟ್ಟಿಸುವಾಗ ಒಬ್ಬೊಬ್ಬರಿಗೆ ಒಂದೊಂದೇ ಮಾತು. “ಆ ಉದ್ದ ಜಡೆಯವಳು ಎಡಗಾಲಲ್ಲಿ ಹೊಡಿಯೋದೇ ಇಲ್ಲ, ಅವಳನ್ನ ಎಡಕ್ಕೇ ತಳ್ಳು.” “ನೀ ಮುಂದೆ ಹೋಗು, ಹಿಂದೆ ನಾ ನೋಡ್ಕಳ್ತೆ.” “ಆ ಬಾಲು ಬಿಟ್ಟಿದ್ದು ನಂದು, ನಿಂದಲ್ಲ.” ಅಷ್ಟೇ. ಎರಡನೇ ಹಾಫಿನಲ್ಲಿ ನಮಗೆ ಒಂದೂ ಗೋಲು ಬೀಳಲಿಲ್ಲ, ನಾವು ಒಂದು ಹೊಡೆದೆವು. 2-1ರಲ್ಲಿ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಆಗುಂಬೆ ಕಡೆಯ ಕತ್ತಲೆ ನೋಡುತ್ತಾ ಕೂತಾಗ ನನಗೆ ಹೊಳೆಯಿತು: ಇವತ್ತು ಟೀಮು ನಡೆಸಿದವಳು ಪಟ್ಟಿ ಕಟ್ಟಿಕೊಂಡವಳೂ ಅಲ್ಲ, ಕೊಡೆ ಹಿಡಿದವಳೂ ಅಲ್ಲ.

ಹಾಗಂತ ಮರುದಿನವೇ ಪಟ್ಟಿ ಕಿತ್ತು ಇವಳಿಗೆ ಕಟ್ಟಲಿಲ್ಲ. ಕಟ್ಟಿದ್ದರೆ ಅವಳ ಮೇಲೂ ಎಲ್ಲರ ಕಣ್ಣು ಬೀಳುತ್ತಿತ್ತು. ಅದರ ಬದಲು ಕೆಲಸ ಹಂಚಿದೆ. ಬ್ಯಾಕ್‌ಲೈನಿಗೆ ಕೂಗಿ ಹೇಳುವುದು ಕೀಪರ್ ಕೆಲಸ. ರೆಫರಿ ಹತ್ತಿರ ಮಾತಾಡುವುದು ಕ್ಯಾಪ್ಟನ್ ಒಬ್ಬಳದೇ. ಹೊಸದಾಗಿ ಬಂದ ಎಂಟನೇ ಕ್ಲಾಸಿನವರನ್ನು ಜೊತೆಗೆ ಕರೆದುಕೊಂಡು ಊಟ ಮಾಡುವುದು ಇನ್ನೊಬ್ಬಳ ಕೆಲಸ. ಅದನ್ನು ಟೀಮಿನಲ್ಲಿ ತಂಟೆಕೋರಳಾಗಿದ್ದವಳಿಗೇ ಕೊಟ್ಟೆ. ಪ್ರಾಕ್ಟೀಸಿನಲ್ಲಿ ಪಟ್ಟಿ ವಾರಕ್ಕೊಬ್ಬರಿಗೆ, ಮ್ಯಾಚಿನಲ್ಲಿ ಮಾತ್ರ ಒಬ್ಬಳಿಗೇ. ಎರಡು ತಿಂಗಳಲ್ಲಿ ಕಿರುಚಾಟ ಅರ್ಧಕ್ಕೆ ಇಳಿಯಿತು. ಪೂರ್ತಿ ನಿಂತಿತು ಅಂತ ಸುಳ್ಳು ಹೇಳುವುದಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಆ ಅಕ್ಕಂದಿರಲ್ಲಿ ಪಟ್ಟಿ ತನಗೆ ಸಿಗುತ್ತದೆ ಅಂತ ಕಾದಿದ್ದವಳು ಒಬ್ಬಳು ಇರಲೇಬೇಕು. ಅದು ಯಾರು ಅಂತ ನಿನಗೆ ಗೊತ್ತು. ಎಲ್ಲರ ಎದುರಿಗೆ ಅವಳಿಗೆ ಆರ್ಡರ್ ಮಾಡಬೇಡ. ಪ್ರಾಕ್ಟೀಸಿಗೆ ಹತ್ತು ನಿಮಿಷ ಮೊದಲೇ ಹೋಗಿ, “ಅಕ್ಕಾ, ಕಾರ್ನರ್ ಬಂದಾಗ ಯಾರು ಎಲ್ಲಿ ನಿಲ್ಲಬೇಕು ನೀನೇ ಹೇಳು, ನನಗೆ ತಲೆ ಓಡುವುದಿಲ್ಲ” ಅನ್ನು. ಸುಳ್ಳೇನೂ ಅಲ್ಲ ತಾನೆ? ಅವಳು ನಿನ್ನ ಮಾತು ಕೇಳುವುದಕ್ಕಿಂತ ಮುಂಚೆ ನೀನು ಅವಳ ಮಾತು ಕೇಳಿದ್ದು ಉಳಿದವರಿಗೆ ಕಾಣಬೇಕು.

ಇನ್ನೊಂದು ಗೊತ್ತಿರಲಿ. 2024ರಿಂದ ಫುಟ್‌ಬಾಲಿನಲ್ಲಿ ಹೊಸದೊಂದು ಪದ್ಧತಿಗೆ ಅವಕಾಶ ಕೊಟ್ಟಿದ್ದಾರೆ: ಟೂರ್ನಮೆಂಟಿನವರು ಒಪ್ಪಿದರೆ, ತೀರ್ಮಾನದ ಬಗ್ಗೆ ರೆಫರಿ ಹತ್ತಿರ ಹೋಗಿ ಕೇಳುವ ಹಕ್ಕು ಕ್ಯಾಪ್ಟನ್ ಒಬ್ಬಳಿಗೇ. ಹತ್ತು ಜನ ಮುತ್ತಿಗೆ ಹಾಕುವ ಹಾಗಿಲ್ಲ. ಅಂದಮೇಲೆ ಮೆತ್ತಗೆ, ಸರಿಯಾಗಿ ಎರಡು ವಾಕ್ಯ ಮಾತಾಡುವುದು ಕಲಿತವಳಿಗೆ ಬೆಲೆ ಜಾಸ್ತಿ. ನೀನು ಬರೆದ ಪತ್ರ ನೋಡಿದರೆ ನಿನಗೆ ಅದು ಬರುತ್ತದೆ.

ಇಂಡಿಯಾ ಟೀಮಿನ ಆಸೆ? ಇಟ್ಟುಕೋ, ಧಾರಾಳವಾಗಿ ಇಟ್ಟುಕೋ. ಆದರೆ ಅಲ್ಲಿಯ ಕ್ಯಾಪ್ಟನ್‌ಗಳು ಹೇಗೆ ಬಂದರು ಅಂತ ಸ್ವಲ್ಪ ನೋಡು. ಆಶಾಲತಾ ದೇವಿ ಡಿಫೆಂಡರ್, ಅಂದರೆ ಹಿಂದೆ ನಿಂತು ಎದುರಿನವರನ್ನು ತಡೆಯುವವರು. ಗೋಲು ಹೊಡೆದು ಪೇಪರಿನಲ್ಲಿ ಫೋಟೋ ಬರುವ ಜಾಗ ಅಲ್ಲ ಅದು. 2024ರ ಅಕ್ಟೋಬರಿನಲ್ಲಿ ಕಠ್ಮಂಡುವಿನಲ್ಲಿ ಅವರು ಭಾರತಕ್ಕಾಗಿ ನೂರನೇ ಪಂದ್ಯ ಆಡಿದರು. ಅಷ್ಟು ಆಡಿದ ಮೊದಲ ಭಾರತೀಯ ಮಹಿಳೆ ಅವರೇ. 2022ರಲ್ಲಿ ನಮ್ಮ ದೇಶದಲ್ಲೇ ಏಷ್ಯನ್ ಕಪ್ ನಡೆದಾಗಲೂ ಕ್ಯಾಪ್ಟನ್ ಅವರೇ. ಇರಾನ್ ಮೇಲೆ 0-0 ಆಯಿತು, ಅಷ್ಟರಲ್ಲಿ ಕೊರೊನಾ ಬಂದು ಆಡುವುದಕ್ಕೆ ಬೇಕಾದಷ್ಟು ಜನವೇ ಉಳಿಯಲಿಲ್ಲ, ಟೂರ್ನಮೆಂಟಿನಿಂದಲೇ ಹೊರಗೆ. ಅಂಥದ್ದನ್ನೂ ನುಂಗಿಕೊಂಡು ಮತ್ತೆ ಆಡಿದವರು ಅವರು. ಚಿಯಾಂಗ್ ಮಾಯ್‌ನಲ್ಲಿ ಕ್ಯಾಪ್ಟನ್ ಆಗಿದ್ದ ಸ್ವೀಟಿ ದೇವಿಯೂ ಡಿಫೆಂಡರೇ. ಹಿಂದೆ ನಿಂತವರಿಗೆ ಇಡೀ ಗ್ರೌಂಡು ಕಾಣುತ್ತದೆ, ನಮ್ಮ ಸುಣ್ಣದ ಡಬ್ಬಿಯವಳಿಗೆ ಕಂಡ ಹಾಗೆ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಕಾಲೋನಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಮನೆಯಲ್ಲಿ ಹಿರಿಯರು ಸಾಕು ನಿಲ್ಲಿಸು ಅನ್ನುತ್ತಾರೆ. ನಿಲ್ಲಿಸಬೇಕಾ? ಮುಂದೆ ಇದರಲ್ಲಿ ಅನ್ನ ಇದೆಯಾ ಮೇಡಂ?
(ಒಬ್ಬ ತಂದೆ, ಭದ್ರಾವತಿ)

ಉತ್ತರ: ನಿಲ್ಲಿಸಬೇಡಿ ಮಾರಾಯ್ರೆ. ಹುಡುಗಿಯರಿಗೆ ನಮ್ಮಲ್ಲಿ ಇರುವ ದೊಡ್ಡ ಕೊರತೆ ಕೋಚಿನದ್ದಲ್ಲ, ಶೂವಿನದ್ದೂ ಅಲ್ಲ, ಮ್ಯಾಚಿನದ್ದು. ಲೆಕ್ಕ ಹಾಕಿ ನೋಡಿ. ಸ್ಕೂಲು ಟೂರ್ನಮೆಂಟು ನಾಕೌಟ್. ತಾಲ್ಲೂಕು ಮಟ್ಟದ ಮೊದಲ ಆಟದಲ್ಲೇ ಸೋತರೆ ಆ ಹುಡುಗಿಯ ವರ್ಷ ಅಲ್ಲಿಗೇ ಮುಗಿಯಿತು. ವರ್ಷಕ್ಕೆ ಒಂದೇ ಮ್ಯಾಚು ಆಡಿದವಳು ಏನು ಕಲಿತಾಳು? ನಿಮ್ಮ ಮಗಳು ದಿನಾ ಸಂಜೆ ತನಗಿಂತ ವೇಗದ ಹುಡುಗರ ಕಾಲಿನಿಂದ ಬಾಲು ತಪ್ಪಿಸುತ್ತಿದ್ದಾಳೆ. ಅಂಥ ಟ್ರೈನಿಂಗ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪದ್ಮಶ್ರೀ ಪಡೆದ ಮಣಿಪುರದ ಫುಟ್‌ಬಾಲ್ ಆಟಗಾರ್ತಿ ಬೆಂಬೆಂ ದೇವಿ ಚಿಕ್ಕಂದಿನಲ್ಲಿ ಆಡಿದ್ದು ಹುಡುಗರ ಜೊತೆಯೇ.

ಈ ಮ್ಯಾಚಿನ ಬರ ಮೇಲಿನ ಮಟ್ಟದಲ್ಲೂ ಇತ್ತು. ಮಹಿಳೆಯರಿಗೆ ರಾಷ್ಟ್ರಮಟ್ಟದ ಕ್ಲಬ್ ಲೀಗ್ ಶುರುವಾಗಿದ್ದೇ 2016-17ರಲ್ಲಿ. 2024-25ರ ಇಂಡಿಯನ್ ವಿಮೆನ್ಸ್ ಲೀಗಿನಲ್ಲಿ ಎಂಟು ಟೀಮು, ಒಂದೊಂದಕ್ಕೆ 14 ಪಂದ್ಯ. ಅದೂ ಕಡಿಮೆಯೇ ಅಂತ ನನ್ನ ಲೆಕ್ಕ. ಆದರೂ ಅದರ ಫಲ ಚಿಯಾಂಗ್ ಮಾಯ್‌ನಲ್ಲಿ ಕಂಡಿತು ಅಂತ ನಾನು ನಂಬಿದ್ದೇನೆ: ನಾಲ್ಕು ಪಂದ್ಯ, 24 ಗೋಲು ಹೊಡೆದು ಬಿಟ್ಟುಕೊಟ್ಟದ್ದು ಒಂದೇ. 2022ರ ಹದಿನೇಳರೊಳಗಿನವರ ವಿಶ್ವಕಪ್ಪನ್ನು ಜ್ಞಾಪಿಸಿಕೊಳ್ಳಿ. ತಿಂಗಳುಗಟ್ಟಲೆ ಕ್ಯಾಂಪ್ ಮಾಡಿಸಿದರು. ಅಮೆರಿಕ 8, ಮೊರಾಕೊ 3, ಬ್ರೆಜಿಲ್ 5 ಹೊಡೆದವು, ನಮ್ಮದು ಸೊನ್ನೆ. ಆ ಮಕ್ಕಳನ್ನು ಬೈದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ಹುಡುಗಿಯರ ಹಿಂದೆ ನಾಲ್ಕೈದು ವರ್ಷದ ಲೀಗ್ ಆಟ ಇರಲಿಲ್ಲ, ಕ್ಯಾಂಪ್ ಇತ್ತು.

ಅನ್ನದ ವಿಷಯ. ಲೀಗಿನ ಟೀಮುಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆಯಿಲ್ಲದ ಕರಾರು ಮಾಡಬೇಕು ಅಂತ 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತೀರ್ಮಾನಿಸಿತು. ಅದೇನು ದೊಡ್ಡ ಸಂಬಳ ಅಲ್ಲ, ಮೊದಲು ಅಷ್ಟೂ ಇರಲಿಲ್ಲ. ಕ್ರೀಡಾ ಕೋಟಾದ ನೌಕರಿಯೇ ಈಗಲೂ ದೊಡ್ಡ ಆಸರೆ. ಥಾಯ್ಲೆಂಡ್ ಮೇಲೆ ಎರಡೂ ಗೋಲು ಹೊಡೆದ ಬಂಗಾಳದ ಸಂಗೀತಾ ಬಾಸ್ಫೋರ್ ಸಶಸ್ತ್ರ ಸೀಮಾ ಬಲದವರು. ರೇಂಜರ್ಸ್ ಕ್ಲಬ್ಬಿಗೆ 2020ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಆಡಿದ ಬಾಲಾ ದೇವಿ ಮಣಿಪುರ ಪೊಲೀಸ್. ನಿಮ್ಮ ಮಗಳು ಓದು ಬಿಡದೆ ಆಡಲಿ, ಡಿಗ್ರಿಯೂ ಇರಲಿ.

ಒಂದು ಎಚ್ಚರ: ಮೊಣಕಾಲು. ಈ ವಯಸ್ಸಿನ ನಂತರ ಹುಡುಗಿಯರಿಗೆ ಮೊಣಕಾಲಿನ ಒಳಗಿನ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ನಾರು) ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಫಿಫಾ ಇಂಥ ಗಾಯಗಳನ್ನು ತಪ್ಪಿಸೋದಕ್ಕೆ ‘11+’ ಅನ್ನೋ ವಾರ್ಮಪ್ ಮಾಡಿಸಿದೆ, ಹದಿನಾಲ್ಕು ದಾಟಿದವರಿಗೆ. ಚಿಕ್ಕವರಿಗೆ ಬೇರೆಯೇ ಇದೆ. ಇಪ್ಪತ್ತು ನಿಮಿಷ ಸಾಕು: ಒಂದೇ ಕಾಲಲ್ಲಿ ನಿಲ್ಲೋದು, ಹಾರಿ ಮೊಣಕಾಲು ಒಳಕ್ಕೆ ಬಾಗದ ಹಾಗೆ ಇಳಿಯೋದು, ಅಂಥವು. ಕೋಚ್ “ಎರಡು ರೌಂಡ್ ಓಡಿ” ಅಂತ ಹೇಳಿ ಮೊಬೈಲ್ ತೆಗೆದರೆ ನೀವೇ ಹೋಗಿ ಕೇಳಿ.

ಪ್ರಶ್ನೆ: ತಿಂಗಳ ದಿನಗಳಲ್ಲಿ ಮಗಳನ್ನು ಆಡಲು ಕಳಿಸಬಹುದಾ? ಅವಳೇ ಆ ದಿನ ಹೊಟ್ಟೆನೋವು ಅಂತ ಮನೆಯಲ್ಲಿ ಉಳಿಯುತ್ತಾಳೆ.
(ಒಬ್ಬ ತಾಯಿ, ಕೊಪ್ಪ)

ಉತ್ತರ: ಕಳಿಸಬಹುದು, ಆಡುವುದರಿಂದ ಏನೂ ಆಗುವುದಿಲ್ಲ. ನಿಜವಾಗಿ ನೋವು ವಿಪರೀತ ಇದ್ದರೆ ಡಾಕ್ಟರಿಗೆ ತೋರಿಸಿ. ಆದರೆ ಒಮ್ಮೆ ಅವಳ ಟೀಮಿನ ಚಡ್ಡಿಯ ಬಣ್ಣ ನೋಡಿ. ಬಿಳಿಯಾ? ನನ್ನ ಅನುಭವದಲ್ಲಿ ಅರ್ಧ ಹೊಟ್ಟೆನೋವು ಅದೇ. ಇಂಗ್ಲೆಂಡಿನ ಮಹಿಳಾ ತಂಡವೇ ಆಟಗಾರ್ತಿಯರು ಹೇಳಿದ್ದಕ್ಕೆ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂತು. ನಾನು ಕಡುನೀಲಿ ಹೊಲಿಸಿದ ವರ್ಷ ನಮ್ಮಲ್ಲಿ ರಜೆ ಕೇಳುವವರು ಗಣನೀಯವಾಗಿ ಇಳಿದರು. ಆ ವಿಷಯವನ್ನು ಹೆಡ್‌ಮಾಸ್ಟರಿಗೆ ಹೇಳಿ ದುಡ್ಡು ಪಾಸ್ ಮಾಡಿಸುವ ಹೊತ್ತಿಗೆ ಮಾತ್ರ ನಾನು ಬೆವೆತಿದ್ದೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗ್ರೌಂಡು ಕೆರೆ. ಆ ನಾಲ್ಕು ತಿಂಗಳು ಎಂತ ಮಾಡೋದು? ಶೂ ಒಣಗೋದೇ ಇಲ್ಲ.
(ಪಿಯುಸಿ ಹುಡುಗಿಯರು, ಸಾಗರ)

ಉತ್ತರ: ಸ್ಕೂಲಿನ ಜಗಲಿ ಇದೆಯಲ್ಲ. ಗೋಡೆಗೆ ಬಾಲು ಹೊಡೆದು ಬಲಗಾಲಲ್ಲಿ ಐವತ್ತು, ಎಡಗಾಲಲ್ಲಿ ನೂರು. ಎಡಕ್ಕೆ ಯಾಕೆ ಜಾಸ್ತಿ ಅಂತ ಮೇಲಿನ ಉದ್ದ ಜಡೆಯವಳನ್ನು ಕೇಳಿ. ಮಳೆ ಸ್ವಲ್ಪ ಬಿಟ್ಟ ದಿನ ನಾಲ್ಕು ನಾಲ್ಕು ಜನ ಸಣ್ಣ ಜಾಗದಲ್ಲಿ ಆಡಿ, ಕೆಸರಿದ್ದರೂ ಪರವಾಗಿಲ್ಲ. ಶೂ ಮಾತ್ರ ಬಚ್ಚಲ ಒಲೆ ಪಕ್ಕ ಇಡಬೇಡಿ, ಅಂಟು ಬಿಟ್ಟು ಬಾಯಿ ತೆರೆದುಕೊಳ್ಳುತ್ತದೆ. ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ ರಾತ್ರಿ ಮಲಗುವಾಗ ಒಂದು ಸಲ ಬದಲಾಯಿಸಿ. ಈ ಪತ್ರಿಕೆಯ ಹಾಳೆಯಾದರೂ ನನಗೇನೂ ಬೇಜಾರಿಲ್ಲ, ಓದಿ ಆದ ಮೇಲೆ ತುರುಕಿ.