ಪ್ರಶ್ನೋತ್ತರ: ಸ್ಟೇಟಸ್ ಕೇಳಿ ಕೇಳಿ ಸಾಕಾಗಿದೆ, ಪ್ರೋಗ್ರಾಂ ಮ್ಯಾನೇಜರ್ ಕೆಲಸ ಇಷ್ಟೇನಾ?

ಪ್ರಶ್ನೆ: ಆರು ವರ್ಷ ಟೀಮ್ ಲೀಡ್ ಆಗಿದ್ದೆ. ನಾಲ್ಕು ತಿಂಗಳ ಹಿಂದೆ ಪ್ರೋಗ್ರಾಂ ಮ್ಯಾನೇಜರ್ ಮಾಡಿದರು. ನಾಲ್ಕು ಪ್ರಾಜೆಕ್ಟ್, ನಾಲ್ವರು ಪ್ರಾಜೆಕ್ಟ್ ಮ್ಯಾನೇಜರ್‌ಗಳು. ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬೊಬ್ಬರ ಹತ್ತಿರ ಸ್ಟೇಟಸ್ ಕೇಳೋದು, ಸ್ಲೈಡಿಗೆ ಹಾಕೋದು, ಅಷ್ಟೇ ಆಗಿದೆ. ವಾರದ ವರದಿಯಲ್ಲಿ ಎಲ್ಲವೂ ಹಸಿರು, ಅಂದರೆ ತೊಂದರೆಯೇನಿಲ್ಲ ಅಂತ. ಆದರೂ ಕಳೆದ ರಿಲೀಸ್ ಮೂರು ವಾರ ತಡವಾಯಿತು. ಎಲ್ಲಿ ತಪ್ಪುತ್ತಿದ್ದೇನೆ?
— ಒಬ್ಬ ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ಪ್ರಾಜೆಕ್ಟಿನ ಒಳಗೆ ನಡೆಯುವುದನ್ನು ನೋಡಿಕೊಳ್ಳಲು ನಾಲ್ವರು ಇದ್ದಾರೆ. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಕೆಲಸ ದಾಟುವ ಜಾಗಕ್ಕೆ ಯಾರೂ ಇಲ್ಲ. ಆ ಜಾಗವೇ ನಿಮ್ಮದು. ನಾಲೆಯ ಕೊನೆಭಾಗದ ಗದ್ದೆಗೆ ನೀರು ಬರದಿದ್ದರೆ ಗದ್ದೆಯಲ್ಲಿ ನಿಂತು ಹುಡುಕಿ ಪ್ರಯೋಜನವಿಲ್ಲ, ಮೇಲಿನ ತೂಬುಗಳನ್ನು ನೋಡಿಕೊಂಡು ಬರಬೇಕು.

ಒಂದು ಹಾಳೆ ಮಾಡಿ, ಆರು ಕಾಲಂ ಸಾಕು: ಏನು ಬೇಕು, ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು, ತೆಗೆದುಕೊಳ್ಳುವವರಿಗೆ ಯಾವತ್ತು ಬೇಕು, ಕೊಡುವವರು ಯಾವತ್ತು ಅನ್ನುತ್ತಿದ್ದಾರೆ, ಇಬ್ಬರೂ ಕೊನೆಯ ಸಲ ಮಾತಾಡಿಕೊಂಡದ್ದು ಯಾವಾಗ. ಹೆಚ್ಚಿನ ಪ್ಲಾನುಗಳಲ್ಲಿ ದಿನಾಂಕ ಒಂದೇ ಇರುತ್ತದೆ, ಅದೂ ಕೊಡುವವರು ಹೇಳಿದ್ದು. ಎರಡು ದಿನಾಂಕ ಅಕ್ಕಪಕ್ಕ ಬರೆದ ಕೂಡಲೇ ಅರ್ಧ ಸಮಸ್ಯೆ ಕಣ್ಣಿಗೆ ಬೀಳುತ್ತದೆ.

ಮೊದಲ ಕಾಲಂ ಬರೆಯುವಾಗ ಹುಷಾರು. ‘ಪೇಮೆಂಟ್ ಎಪಿಐ, 12ನೇ ತಾರೀಖಿಗೆ ರೆಡಿ’ ಅಂತ ಬರೆದಿದೆ ಅಂದುಕೊಳ್ಳಿ (ಎಪಿಐ ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ಕೊಂಡಿ). ಕೊಡುವ ತಂಡಕ್ಕೆ ರೆಡಿ ಅಂದರೆ ಕೋಡ್ ಬರೆದು ಮುಖ್ಯ ಕೋಡಿನ ಜೊತೆ ಸೇರಿಸಿದ್ದು (ಮರ್ಜ್). ಟೆಸ್ಟಿಂಗ್ ತಂಡಕ್ಕೆ ರೆಡಿ ಅಂದರೆ ಟೆಸ್ಟ್ ಸರ್ವರಿನಲ್ಲಿ ಓಡಬೇಕು, ಹತ್ತು ನಕಲಿ ಖಾತೆ ಇರಬೇಕು, ಎರರ್ ಕೋಡುಗಳ ಪಟ್ಟಿ ಕೈಯಲ್ಲಿರಬೇಕು. 12ಕ್ಕೆ ತೆಗೆದು ನೋಡಿದರೆ ಖಾತೆಗಳಿಲ್ಲ. ಖಾತೆ ತೆರೆಯಬೇಕಾದವರು ಮೂರನೇ ತಂಡ, ಅವರ ಹೆಸರು ಎಲ್ಲೂ ಬರೆದೇ ಇಲ್ಲ. ಅವರಿಗೆ ಹೇಳಿ ಮಾಡಿಸುವಷ್ಟರಲ್ಲಿ ಆರು ಕೆಲಸದ ದಿನ ಹೋಯಿತು. ಈ ಆರೂ ದಿನ ಎರಡೂ ಪ್ರಾಜೆಕ್ಟಿನ ವರದಿ ಹಸಿರಾಗೇ ಇರುತ್ತದೆ, ಯಾಕೆಂದರೆ ಅವರವರ ಪಾಲಿನ ಕೆಲಸ ಮುಗಿದಿದೆ. ಅದಕ್ಕೇ ವಸ್ತುವಿನ ಹೆಸರು ಬರೆಯಬೇಡಿ, ತೆಗೆದುಕೊಳ್ಳುವವರು ಅದರಿಂದ ಏನು ಮಾಡಬಹುದು ಅಂತ ಬರೆಯಿರಿ: ‘ಟೆಸ್ಟಿಂಗ್ ತಂಡದವರು ಟೆಸ್ಟ್ ಸರ್ವರಿನಲ್ಲಿ ಹತ್ತು ಖಾತೆಯಿಂದ ಹಣ ಕಳಿಸಿ, ವಾಪಸ್ ತರಿಸಿ ನೋಡಬಹುದು’. ಬರೆಯುವಾಗಲೇ ‘ಖಾತೆ ಯಾರು ಕೊಡ್ತಾರೆ?’ ಅನ್ನುವ ಪ್ರಶ್ನೆ ತಾನಾಗೇ ಏಳುತ್ತದೆ.

ಹಾಳೆಯಲ್ಲಿ 15–20 ಸಾಲು ಇರಲಿ. ಅರವತ್ತು ದಾಟಿದರೆ ಅದನ್ನು ಯಾರೂ ಓದುವುದಿಲ್ಲ, ನೀವೂ ಓದುವುದಿಲ್ಲ. ವಾರಕ್ಕೊಂದು ಸಲ 25 ನಿಮಿಷದ ಮೀಟಿಂಗ್. ಎರಡು ದಿನಾಂಕ ಹೊಂದದ ಸಾಲುಗಳು, ಹತ್ತು ದಿನದಿಂದ ಯಾರೂ ಮಾತಾಡದ ಸಾಲುಗಳು, ಇವೆರಡನ್ನು ಬಿಟ್ಟು ಬೇರೇನೂ ಚರ್ಚೆ ಬೇಡ. ಸೋಮವಾರ ಇಡಬೇಡಿ, ಮ್ಯಾನೇಜರ್‌ಗಳು ತಮ್ಮ ತಂಡದ ಜೊತೆ ಇನ್ನೂ ಮಾತಾಡಿರುವುದಿಲ್ಲ. ಮಂಗಳವಾರ ಮಧ್ಯಾಹ್ನ ಒಳ್ಳೆಯದು, ಸರಿಪಡಿಸಲು ವಾರದಲ್ಲಿ ಇನ್ನೂ ಮೂರು ದಿನ ಉಳಿದಿರುತ್ತದೆ.

ಇನ್ನು ಬಣ್ಣದ ವಿಷಯ. ಹೊರಗೆ ಹಸಿರು, ಕೊಯ್ದರೆ ಕೆಂಪು, ಕಲ್ಲಂಗಡಿ ವರದಿ ಅಂತಲೇ ಇದಕ್ಕೆ ಹೆಸರಿದೆ. ಬಣ್ಣವನ್ನು ಅವರವರ ಧೈರ್ಯಕ್ಕೆ ಬಿಡದೆ ಅಂಕಿಗೆ ಕಟ್ಟಿಹಾಕಿ. ದಿನಾಂಕ ಹೊಂದಿದರೆ ಹಸಿರು. ಐದು ಕೆಲಸದ ದಿನದೊಳಗಿನ ಅಂತರವಿದ್ದು ಸರಿಪಡಿಸುವ ದಾರಿ ಗೊತ್ತಿದ್ದರೆ ಹಳದಿ. ಅದಕ್ಕಿಂತ ಹೆಚ್ಚಾದರೆ, ಅಥವಾ ಮೇಲಿನವರ ನಿರ್ಧಾರ ಬೇಕಿದ್ದರೆ ಕೆಂಪು. ಯಾರಾದರೂ ಮೊದಲ ಸಲ ಕೆಂಪು ತೋರಿಸಿದಾಗ ನೀವು ಕೇಳಬೇಕಾದದ್ದು ‘ಏನು ಬೇಕು?’ ಅಂತ. ಹತ್ತು ಜನರ ಮುಂದೆ ‘ಯಾಕೆ ಹೀಗಾಯ್ತು?’ ಅಂದಿರೋ, ಮುಂದಿನ ವಾರದಿಂದ ಮತ್ತೆ ಕಲ್ಲಂಗಡಿಯೇ.

ಪ್ರಶ್ನೆ: ನಮ್ಮ ಕ್ಲೈಂಟ್ ನ್ಯೂಯಾರ್ಕಿನವರು, ಇನ್ನೊಂದು ತಂಡ ಜರ್ಮನಿಯಲ್ಲಿದೆ. ಕಾಲ್‌ನಲ್ಲಿ ಎಲ್ಲಕ್ಕೂ ‘ಯೆಸ್’ ಅಂದು ಬಂದು ಆಮೇಲೆ ಒದ್ದಾಡುತ್ತೇವೆ. ನವೆಂಬರ್ ಬಂದರೆ ಮೀಟಿಂಗ್ ಸಮಯವೂ ಗೊಂದಲ.
— ಹೂಟಗಳ್ಳಿ, ಮೈಸೂರು

ಉತ್ತರ: ಗಡಿಯಾರದ ವಿಷಯ ಸುಲಭ, ಮೊದಲು ಮುಗಿಸೋಣ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಿಟ್ಟು ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಹಾಗಾಗಿ ಮಾರ್ಚಿನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಅವರಿಬ್ಬರ ನಡುವಿನ ಅಂತರವೇ ಬದಲಾಗಿರುತ್ತದೆ. ನಮಗೂ ನ್ಯೂಯಾರ್ಕಿಗೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ಅವರ ಬೆಳಗ್ಗೆ 10ಕ್ಕೆ ಕಟ್ಟಿದ ಮೀಟಿಂಗ್ ನಮಗೆ ಸಂಜೆ 7.30ರಿಂದ ರಾತ್ರಿ 8.30ಕ್ಕೆ ಜಾರುತ್ತದೆ. ಮೀಟಿಂಗ್ ಯಾವ ಊರಿನ ಸಮಯಕ್ಕೆ ಕಟ್ಟಿದೆ ಅನ್ನುವುದನ್ನು ಆಹ್ವಾನದಲ್ಲೇ ಬರೆದುಬಿಡಿ. ಹಾಗೆಯೇ ಗೌರಿ-ಗಣೇಶ, ಆಯುಧಪೂಜೆ, ರಾಜ್ಯೋತ್ಸವ, ದೀಪಾವಳಿ ರಜೆಗಳ ಪಟ್ಟಿ ಜನವರಿಯಲ್ಲೇ ಅವರ ಕ್ಯಾಲೆಂಡರಿಗೆ ಹೋಗಲಿ.

‘ಯೆಸ್’ ಕಷ್ಟದ್ದು. ನಮ್ಮಲ್ಲಿ ‘ನೋಡೋಣ ಸಾರ್’ ಅಂದರೆ ಆಗಲ್ಲ ಅಂತಲೇ ಅರ್ಥ, ಕೇಳಿದವರಿಗೂ ಅದು ಗೊತ್ತಾಗುತ್ತದೆ. ಅದನ್ನೇ ‘ವೀ ವಿಲ್ ಟ್ರೈ’ ಅಂತ ಮಾಡಿ ಹೇಳಿದರೆ ನ್ಯೂಯಾರ್ಕಿನವರು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ. ಕಾಲ್‌ನಲ್ಲಿ ಒಂದು ವಾಕ್ಯ ಅಭ್ಯಾಸ ಮಾಡಿ: ‘ಇದರ ಪರಿಣಾಮ ಎಷ್ಟು ದಿನ ಅಂತ ನಾಳೆ ನಿಮ್ಮ ಬೆಳಗ್ಗೆಯೊಳಗೆ ಬರೆದು ಕಳಿಸುತ್ತೇನೆ, ಅಲ್ಲಿಯವರೆಗೆ ಇದು ಪ್ಲಾನಿನಲ್ಲಿಲ್ಲ’. ಮರುದಿನ ಕಳಿಸುವ ಮೇಲ್ ಐದು ಸಾಲು ದಾಟದಿರಲಿ. ಉದಾಹರಣೆಗೆ ಹೀಗೆ:

‘ಹೊಸ ರಿಪೋರ್ಟ್ ಸೇರಿಸಿದರೆ 14ರ ಬಿಡುಗಡೆ 8 ಕೆಲಸದ ದಿನ ಮುಂದಕ್ಕೆ ಹೋಗುತ್ತದೆ. ದಾರಿ ಒಂದು: 14ಕ್ಕೇ ಬಿಡುಗಡೆ, ರಿಪೋರ್ಟ್ ಮುಂದಿನ ಸಲ. ದಾರಿ ಎರಡು: ರಿಪೋರ್ಟ್ ಸೇರಿಸಿ 26ಕ್ಕೆ ಬಿಡುಗಡೆ. ನಮ್ಮ ಸಲಹೆ ಒಂದನೆಯದು. ಗುರುವಾರದೊಳಗೆ ಉತ್ತರ ಬರದಿದ್ದರೆ ಒಂದನೇ ದಾರಿಯಲ್ಲೇ ಕೆಲಸ ಮುಂದುವರಿಸುತ್ತೇವೆ.’

ಕೊನೆಯ ಸಾಲನ್ನು ಬರೆಯಲು ನಮ್ಮವರಿಗೆ ಸಂಕೋಚ. ಅದಿಲ್ಲದಿದ್ದರೆ ಮೇಲ್ ಎರಡು ವಾರ ಹಾಗೇ ಬಿದ್ದಿರುತ್ತದೆ, ತಡವಾದ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಪ್ರಶ್ನೆ: ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವ ಸಂಸ್ಥೆಯಲ್ಲಿ ಪ್ರೋಗ್ರಾಂ ಮ್ಯಾನೇಜರ್. ಹಣ ಕಂಪನಿಯ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ. ತ್ರೈಮಾಸಿಕ ವರದಿ ಪ್ರತಿಸಲ ತಡ, ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಫೀಲ್ಡಿನವರನ್ನು ಬೈದರೂ ಆಗುತ್ತಿಲ್ಲ.
— ಮಂಡ್ಯ

ಉತ್ತರ: ಬೈಯುವುದನ್ನು ಬಿಟ್ಟು ಅವರು ತುಂಬುವ ಫಾರಂ ತೆಗೆದು ನೋಡಿ. ನಲವತ್ತು ಕಾಲಂ ಇದ್ದರೆ ರಾತ್ರಿ ಮನೆಯಲ್ಲಿ ಕೂತು ನೆನಪಿನಿಂದ ತುಂಬಿರುತ್ತಾರೆ. ಪ್ರತಿ ಕಾಲಮಿಗೂ ‘ಈ ಅಂಕಿ ನೋಡಿ ಕಳೆದ ವರ್ಷ ಯಾವ ನಿರ್ಧಾರ ಮಾಡಿದೆವು?’ ಅಂತ ಕೇಳಿಕೊಳ್ಳಿ. ಉತ್ತರವಿಲ್ಲದವನ್ನು ಹೊಡೆದುಹಾಕಿದರೆ ಹನ್ನೆರಡರ ಸುತ್ತಮುತ್ತ ಉಳಿಯುತ್ತವೆ.

ಅಂಕಿ ಹೊಂದದಿರುವುದಕ್ಕೆ ಮುಖ್ಯ ಕಾರಣ ಹೆಸರುಗಳು. ಒಂದೇ ಊರಲ್ಲಿ ನಾಲ್ವರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರೇ ಎರಡು ಸಂಘದ ಪುಸ್ತಕದಲ್ಲಿ, ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಿ ಅಂತ ಇರುತ್ತಾರೆ. ಊರಿಗೊಂದು ಸಂಖ್ಯೆ, ಸಂಘಕ್ಕೊಂದು, ಸದಸ್ಯರಿಗೊಂದು ಸೇರಿಸಿ 07-03-11 ಥರ ಗುರುತು ಕೊಡಿ. ಅದನ್ನು ಸಂಘದ ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆಯಿರಿ. ಹಾಜರಿಯಲ್ಲಿ ಹೆಸರಿನ ಜೊತೆ ಆ ಸಂಖ್ಯೆಯೂ ಬರಬೇಕು. ‘ತರಬೇತಿಗೆ ಬಂದವರು 600’ ಅನ್ನುವಾಗ ಅದು 600 ಹೆಂಗಸರೋ, 600 ಹಾಜರಿಯೋ ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ.

ವರದಿಯ ಗಡುವು ಜುಲೈ 15 ಅಂದರೆ ಹಿಂದಕ್ಕೆ ಎಣಿಸಿ: 13ಕ್ಕೆ ಕರಡು, 11ಕ್ಕೆ ಲೆಕ್ಕಪತ್ರದ ಜೊತೆ ತಾಳೆ, 8ಕ್ಕೆ ತಪಾಸಣೆ, 5ಕ್ಕೆ ಫೀಲ್ಡ್ ಅಂಕಿ ಬಂದ್. 5ರ ನಂತರ ಬಂದದ್ದು ಮುಂದಿನ ತ್ರೈಮಾಸಿಕಕ್ಕೆ. ಈ ಒಂದು ನಿಯಮ ಎರಡು ಸಲ ಪಾಲಿಸಿದರೆ ಮೂರನೇ ಸಲ ತಡವಾಗುವುದಿಲ್ಲ. ತಪಾಸಣೆ ಅಂದರೆ ಹತ್ತರಲ್ಲಿ ಒಂದು ದಾಖಲೆ ತೆಗೆದು ಫೋನ್ ಮಾಡಿ ಕೇಳುವುದು, ಕೂಡಿಸಿ ನೋಡುವುದಷ್ಟೇ ಅಲ್ಲ.

ಗುರಿ ಹಾಕುವಾಗ ವರ್ಷವನ್ನು ನಾಲ್ಕು ಸಮಪಾಲು ಮಾಡಬೇಡಿ. ಮಳೆ ಬಂದು ನಾಲೆಗೆ ನೀರು ಬಿಟ್ಟರೆ ಜುಲೈ-ಆಗಸ್ಟಿನಲ್ಲಿ ನಾಟಿ ಶುರು, ನಾಟಿ ಹೆಂಗಸರ ಕೆಲಸ. ಆ ತಿಂಗಳಲ್ಲಿ ಕೂಲಿ ಬಿಟ್ಟು ನಿಮ್ಮ ತರಬೇತಿಗೆ ಬನ್ನಿ ಅನ್ನುವುದು ನ್ಯಾಯವೂ ಅಲ್ಲ. ದಿನದಲ್ಲೂ ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಬಿಟ್ಟು ಸಮಯ ಇಡಿ.

ಸಿಎಸ್ಆರ್ ಹಣದ ಬಗ್ಗೆ ಮೂರು ವಿಷಯ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ನಿಮ್ಮ ಕೆಲಸವನ್ನು ಕಂಪನಿಯ ಬೋರ್ಡ್ ‘ಚಾಲ್ತಿ ಯೋಜನೆ’ ಅಂತ ಗುರುತಿಸಿದ್ದರೆ, ಮಾರ್ಚ್ 31ಕ್ಕೆ ಉಳಿದ ಹಣ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹೋಗಿ ಮೂರು ಆರ್ಥಿಕ ವರ್ಷದೊಳಗೆ ಬಳಕೆಯಾಗಬಹುದು. ಹಾಗೆ ಗುರುತಿಸದಿದ್ದರೆ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಹೋಗುತ್ತದೆ, ಆಮೇಲೆ ನಿಮಗೆ ಸಿಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಇದನ್ನು ಕೇಳಿ. ಎರಡು, ಶೇಕಡ 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಸಿಎಸ್ಆರ್ ಆಡಳಿತಕ್ಕೆ ಸಂಬಂಧಿಸಿದ್ದು. ನಿಮ್ಮ ಫೀಲ್ಡ್ ಸಿಬ್ಬಂದಿಯ ಸಂಬಳವನ್ನು ಅದಕ್ಕೆ ಸೇರಿಸಿ ಕತ್ತರಿಸಲು ಬಂದರೆ ನಿಯಮ ತೆಗೆದು ತೋರಿಸಿ. ಮೂರು, ಹಣ ಉದ್ದೇಶಕ್ಕೇ ಬಳಕೆಯಾಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಪದೇಪದೇ ಬಿಲ್ ಕೇಳುವುದು ಅದಕ್ಕೇ, ನಿಮ್ಮ ಮೇಲಿನ ಅನುಮಾನಕ್ಕಲ್ಲ. ಬಿಲ್ಲಿನ ಮೇಲೆ ಬಜೆಟ್ ಸಾಲಿನ ಸಂಖ್ಯೆಯನ್ನು ಖರ್ಚಾದ ದಿನವೇ ಬರೆದರೆ ಮಾರ್ಚ್ ತಿಂಗಳು ಸಲೀಸು.

ಪ್ರಶ್ನೆ: ಪ್ರೋಗ್ರಾಂ ನಡೆಸಿದ ಅನುಭವ ಎರಡು ವರ್ಷ. ಪಿಎಂಪಿ ಮಾಡಲೋ, ಪಿಜಿಎಂಪಿ ಮಾಡಲೋ?
— ವಿಜಯನಗರ, ಮೈಸೂರು

ಉತ್ತರ: ಎರಡೂ ಪಿಎಂಐ ಅನ್ನುವ ಸಂಸ್ಥೆ ಕೊಡುವ ಸರ್ಟಿಫಿಕೇಟ್, ಮೊದಲನೆಯದು ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ, ಎರಡನೆಯದು ಪ್ರೋಗ್ರಾಂ ಮ್ಯಾನೇಜರ್‌ಗಳಿಗೆ. ಪಿಎಂಪಿಗೆ ಪದವೀಧರರಾದರೆ ಹಿಂದಿನ ಕೆಲವು ವರ್ಷದೊಳಗೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ, ಜೊತೆಗೆ 35 ಗಂಟೆ ತರಬೇತಿ ಬೇಕು. ಪಿಜಿಎಂಪಿಗೆ ಪ್ರಾಜೆಕ್ಟ್ ಅನುಭವದ ಮೇಲೆ 48 ತಿಂಗಳು ಪ್ರೋಗ್ರಾಂ ನಡೆಸಿದ ಅನುಭವ ಕೇಳುತ್ತಾರೆ. ಪರೀಕ್ಷೆಗೆ ಮೊದಲೇ ಅನುಭವದ ಬರಹವನ್ನು ಪರಿಣತರ ಮಂಡಳಿ ಓದುತ್ತದೆ. ನೀವು ಪತ್ರದಲ್ಲಿ ಬರೆದಿರುವ ಎರಡು ವರ್ಷಕ್ಕೆ ಎರಡನೆಯದು ಸದ್ಯಕ್ಕೆ ಬೇಡ. ಪಿಎಂಪಿ ಸಿಕ್ಕಮೇಲೆ ಪ್ರತಿ ಮೂರು ವರ್ಷಕ್ಕೆ 60 ಪಿಡಿಯು (ಕಲಿಕೆಯ ಗಂಟೆಗಳ ಲೆಕ್ಕ) ತೋರಿಸಿ ನವೀಕರಿಸಬೇಕು ಅನ್ನುವುದನ್ನು ಕೋಚಿಂಗ್ ಸೆಂಟರಿನವರು ಸಣ್ಣದಾಗಿ ಹೇಳುತ್ತಾರೆ. ಅರ್ಜಿಗೆ ಮುನ್ನ ಪಿಎಂಐ ವೆಬ್‌ಸೈಟಿನಲ್ಲಿ ಅವತ್ತಿನ ನಿಯಮ ನೋಡಿಕೊಳ್ಳಿ.

ಪ್ರಶ್ನೆ: ನಂಜನಗೂಡಿನ ಕಾರ್ಖಾನೆಯಲ್ಲಿ ಹೊಸ ಪ್ಯಾಕಿಂಗ್ ಲೈನ್. ಆಯುಧಪೂಜೆಗೆ ಶುರುವಾಗಲೇಬೇಕು ಅಂದಿದ್ದಾರೆ ಮೇಲಿನವರು. ಮೆಶಿನ್ ಕೂರಿಸಲು 14 ದಿನ ಸಾಕು ಅನ್ನುತ್ತಾರೆ ವೆಂಡರ್. ನಂಬಬಹುದೇ?
— ನಂಜನಗೂಡು, ಮೈಸೂರು ಜಿಲ್ಲೆ

ಉತ್ತರ: ಒಂದು ಸಂಖ್ಯೆ ಕೇಳಿದರೆ ಒಂದು ಸಂಖ್ಯೆ ಹೇಳುತ್ತಾರೆ. ಮೂರು ಕೇಳಿ: ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. 10, 14, 30 ಅಂದರು ಅನ್ನಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ: 96ನ್ನು 6ರಿಂದ ಭಾಗಿಸಿದರೆ 16. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಕಟ್ಟಿದ ಪರ್ಟ್ ಲೆಕ್ಕ ಇದು. 14 ಅಂತ ಬರೆದುಕೊಂಡವರು ಮೊದಲ ದಿನವೇ ಎರಡು ದಿನ ಹಿಂದಿದ್ದಾರೆ. ಲೆಕ್ಕಕ್ಕಿಂತ ಉಪಯೋಗದ್ದು 30 ಯಾಕೆ ಅನ್ನುವ ಪ್ರಶ್ನೆ. ‘ಕಂಟ್ರೋಲ್ ಪ್ಯಾನೆಲ್ ಬೇರೆ ಕಡೆಯಿಂದ ಬರಬೇಕು, ನಮ್ಮ ಇಂಜಿನಿಯರ್ ಗಣೇಶನ ಹಬ್ಬಕ್ಕೆ ಊರಿಗೆ ಹೋಗ್ತಾರೆ’ ಅನ್ನುವುದು ಆಗ ಹೊರಬರುತ್ತದೆ. ಅದನ್ನು ಮೊದಲ ಪ್ರಶ್ನೆಯ ಉತ್ತರದಲ್ಲಿ ಹೇಳಿದ ಹಾಳೆಗೆ ಸೇರಿಸಿ.

ದಿನಾಂಕ ಅಲ್ಲಾಡದಿದ್ದರೆ ಕೆಲಸದ ಪ್ರಮಾಣ ಅಲ್ಲಾಡಬೇಕು. ಪೂಜೆಯ ದಿನ ಯಾವ ಒಂದು ಉತ್ಪನ್ನ ಓಡಿದರೆ ಸಾಕು ಅಂತ ಈಗಲೇ ಬರೆಸಿಕೊಳ್ಳಿ, ಉಳಿದ ಅಳತೆಯ ಪ್ಯಾಕುಗಳು ಆಮೇಲೆ ಬರಲಿ. ಜಂಬೂ ಸವಾರಿಯ ದಿನ ಬದಲಾಗುವುದಿಲ್ಲ ಅಂತಲೇ ಆನೆಗಳನ್ನು ವಾರಗಟ್ಟಲೆ ಮುಂಚೆ ಕರೆತಂದು, ಮರಳುಮೂಟೆಯ ಭಾರ ದಿನದಿನಕ್ಕೂ ಹೆಚ್ಚಿಸಿ, ಮರದ ಅಂಬಾರಿ ಕಟ್ಟಿ ನಡೆಸುತ್ತಾರೆ. ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿ ಕೊನೆಯ ದಿನಕ್ಕೆ. ನಿಮ್ಮ ಲೈನಿಗೂ ಹಾಗೆಯೇ ಮಾಡಿ: ಖಾಲಿ ಪೆಟ್ಟಿಗೆ, ಆಮೇಲೆ ಕಾಲು ವೇಗ, ಅರ್ಧ ವೇಗ, ಕೊನೆಗೆ ಒಂದು ಪೂರ್ತಿ ಶಿಫ್ಟ್. ಹತ್ತು ಕೆಲಸದ ದಿನ ಮುಂಚೆ ಹೋಗೋದೋ ನಿಲ್ಲೋದೋ ಅಂತ ತೀರ್ಮಾನಿಸುವ ಒಬ್ಬರ ಹೆಸರು ಬರೆದಿಡಿ. ಒಬ್ಬರೇ, ಸಮಿತಿ ಬೇಡ. ಜಾಗ ಸಾಲದು ಅಂತ ಹಳೆಯ ಮೆಶಿನ್ ಬಿಚ್ಚಲು ಬರುತ್ತಾರೆ. ಹೊಸದು ನಾಲ್ಕು ವಾರ ನಿಲ್ಲದೆ ಓಡುವವರೆಗೆ ಬಿಚ್ಚಲು ಬಿಡಬೇಡಿ.

ಪ್ರಶ್ನೆ: ಎಕ್ಸೆಲ್ ಸಾಕೇ, ದುಬಾರಿ ಸಾಫ್ಟ್‌ವೇರ್ ಬೇಕೇ?
— ಮದ್ದೂರು

ಉತ್ತರ: ಒಂದೇ ಹಾಳೆಯನ್ನು ಮೂವರು ಒಟ್ಟಿಗೆ ತಿದ್ದಿ, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಮೇಲ್‌ನಲ್ಲಿ ಓಡಾಡಲು ಶುರುವಾಗುವವರೆಗೆ ಎಕ್ಸೆಲ್ ಸಾಕು. ಆ ಹಂತ ಬಂದರೂ ಮೊದಲು ಹಂಚಿಕೊಂಡು ತಿದ್ದುವ ಆನ್‌ಲೈನ್ ಶೀಟ್ ಮಾಡಿ ಮೂರು ತಿಂಗಳು ನೋಡಿ, ಆಮೇಲೆ ಕೊಟೇಶನ್ ತರಿಸಿ.